ಬಿಡಿ

ಉಪ್ಪಿನ ಪ್ಲಮ್ ಹಾಕಿಡುವ ಗಾಜಿನ ಜಾಡಿಯನ್ನು
ಇತೊನೊ ಅಜ್ಜಿ ತಂದಿಟ್ಟರು
ಮಿಕುನಿ ಬಂದರಿನ ಅಂಚೆ ಕಚೇರಿಯ ಮೇಜಿಗೆ.
ಕೊಡೆಯ ಹಿಮ ಕೊಡವಿ, ಎರಡೂ ಕೈಯಿಂದ ಮುಂದೆ ತಳ್ಳಿ,
"ಇದನ್ನು ನನ್ನ ಪುಸ್ತಕಕ್ಕೆ ಹಾಕಿಕೊಡಿ" ಅಂದರು.

ಎಲ್ಲವೂ ಒಂದೊಂದು ಯೆನ್. ಅಲ್ಯುಮಿನಿಯಂ.
ಉಫ್ ಅಂದರೆ ಹಾರೀತೇನೋ ಅನ್ನುವಷ್ಟು ಹಗುರ,
ಒಂದಕ್ಕೆ ಒಂದು ಗ್ರಾಂ, ಕೂದಲೆಳೆಯಷ್ಟೂ ಹೆಚ್ಚಿಲ್ಲ.
ಯಂತ್ರ ಗಲಗಲ ನುಂಗಿತು, ಕೆಮ್ಮಿತು,
ನಾನೂರ ಹನ್ನೆರಡು ಎಂದಿತು.

ನೂರರವರೆಗೆ ಪುಕ್ಕಟೆ. ಅದರಾಚೆ
ಎಣಿಸಿದ ಕೂಲಿ ಐನೂರೈವತ್ತು.
ಗಾಜಿನ ಹಿಂದೆ ಕೂತು, ತಲೆ ಬಾಗಿಸಿ, ನಾನೇ ಹೇಳಬೇಕು:
ಅಜ್ಜಿ, ಈ ದುಡ್ಡು ನಿಮ್ಮ ಲೆಕ್ಕಕ್ಕೆ ಬರಬೇಕಾದರೆ
ಮೇಲೆ ನೂರ ಮೂವತ್ತೆಂಟು ನೀವೇ ಕೊಡಬೇಕು.

ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ.
"ಹಾಗಾದರೆ ಇದು ದುಡ್ಡೋ, ಸಾಲವೋ?" ಎಂದರು,
ಮೀನು ಇವತ್ತಿನದೋ ನಿನ್ನೆಯದೋ ಎಂದು ಕೇಳುವ ಹಾಗೆ.

ಟಂಕಸಾಲೆಯದೂ ಇದೇ ಫಜೀತಿ.
ಒಂದನ್ನು ಅಚ್ಚು ಹಾಕಲು ಒಂದಕ್ಕಿಂತ ಹೆಚ್ಚು ಬೀಳುತ್ತದೆ,
ಕಾಸಿನ ಮೇಲೆ ಕೊಸರು ಸರ್ಕಾರವೇ ಹಾಕಿದಂತೆ.
ನಿಲ್ಲಿಸಿಬಿಡಬೇಕು, ಅನ್ನುತ್ತಾನೆ ಪಕ್ಕದ ಮೇಜಿನ ಹೊರಿಗೊಮೆ,
ಊಟದ ಡಬ್ಬಿ ಮುಚ್ಚುತ್ತ. ಎಲ್ಲ ಬೆಲೆಯನ್ನೂ
ಐದಕ್ಕೋ ಹತ್ತಕ್ಕೋ ಹೊಂದಿಸಿದರೆ ಮುಗಿಯಿತು.
ಸರಿಯೇ. ನಾನೂ ಹೂಂಗುಟ್ಟಿದೆ. ದಿನಕ್ಕೆ ಎಂಟು ಗಂಟೆ
ಚಿಲ್ಲರೆ ಎಣಿಸುವ ಬೆರಳು ಇದಕ್ಕೆ ಎದುರಾಡುವುದಿಲ್ಲ.

ಅಜ್ಜಿಗೆ ಮಾತ್ರ ದನಿ ತಗ್ಗಿಸಿ ಹೇಳಿದ್ದೆ:
ದಿನಕ್ಕೆ ನೂರರಂತೆ ತನ್ನಿ.

ತಂದರು. ಸೋಮವಾರ ನೂರು. ಮಂಗಳವಾರ ನೂರು.
ಬುಧವಾರ ಗಾಳಿ ಕಡಲನ್ನೇ ಎತ್ತಿ ರಸ್ತೆಗೆ ಹಾಕಿತ್ತು,
ಆದರೂ ನೂರು, ಒದ್ದೆ ಕರವಸ್ತ್ರದ ಗಂಟಿನಲ್ಲಿ.
ಗಂಟು ಬಿಚ್ಚುವಾಗ ಹೇಳಿದರು:
ತೋಫು ತೊಂಬತ್ತೆಂಟು. ಸಂಜೆ ಸಂಜೆ ನಮ್ಮ ಯಜಮಾನರು
ನೂರರ ನಾಣ್ಯ ಹಿಡಿದು ಹೋಗುವರು,
ಎರಡು ಮರಳಿ ತಂದು ಜಾಡಿಗೆ ಹಾಕುವರು, ಟಿಕ್, ಟಿಕ್.
ಆ ಸದ್ದಿಗೆ ನಾನು ಒಲೆ ಹಚ್ಚುತ್ತಿದ್ದೆ.
ಈಗ ಅವರಿಗೆ ಅಂಗಡಿಯ ದಾರಿ ತಿಳಿಯದು.
ಹೋಗಲಿ ಬಿಡಿ.

ಅಂದು ರಾತ್ರಿ ಹಲ್ಲುಜ್ಜುತ್ತ ಎರಡರಿಂದ ಭಾಗಿಸಿದೆ.
ಇನ್ನೂರ ಆರು ಸಂಜೆ.
ಅಷ್ಟು ಸಂಜೆಗಳಿಗೆ ನಾನು ಕೂಲಿ ಕೇಳಿದ್ದೆ.

ಗುರುವಾರ ನೂರು.
ಶುಕ್ರವಾರ ಹನ್ನೆರಡು ಬರಬೇಕು, ಹನ್ನೊಂದು ಬಂತು.
ಯಂತ್ರಕ್ಕೆ ಕೊಡದೆ ಬೆರಳಲ್ಲೇ ಎರಡು ಸಲ ಎಣಿಸಿದೆ.
ಒಂದೊಂದರ ಮೇಲೂ ಅದೇ ಸಸಿ,
ಯಾವ ಮರದ್ದೆಂದು ಯಾರೂ ಹೆಸರಿಡದ್ದು,
ಅಷ್ಟೇ ಎಲೆಗೆ ನಿಂತುಬಿಟ್ಟದ್ದು.

ಒಂದು ಕಡಿಮೆ ಇದೆ, ಅಂದೆ.
"ಅದು ಮನೆಯಲ್ಲಿ ತೇಲುತ್ತಿದೆ," ಅಂದರು ಅಜ್ಜಿ.
ಬಟ್ಟಲ ನೀರಿನ ಮೇಲೆ ಮೆಲ್ಲಗೆ ಮಲಗಿಸಿದರೆ
ಮುಳುಗುವುದಿಲ್ಲವಲ್ಲ ಅದು. ಅವರೇ ಮಲಗಿಸಿದ್ದು, ಬೆಳಿಗ್ಗೆ.
ಆಗಿನಿಂದ ಕದಲದೆ ನೋಡುತ್ತ ಕೂತಿದ್ದಾರೆ,
ತಮ್ಮ ಉಸಿರಿಗೇ ಎಲ್ಲಿ ಅಲೆ ಎದ್ದೀತೋ ಎಂದು.
ನಾನು ಬೇಗ ಹೋಗಬೇಕು.

ಪುಸ್ತಕದಲ್ಲಿ ಮೊಹರು ಒತ್ತಿದೆ: ಒಟ್ಟು ನಾನೂರ ಹನ್ನೊಂದು.
ಅರ್ಧ ಸಂಜೆ ಲೆಕ್ಕಕ್ಕೆ ಸಿಗಲಿಲ್ಲ.
ತಾಳೆ ಆಯಿತಾ, ಕೇಳಿದ ಹೊರಿಗೊಮೆ, ದೀಪ ಆರಿಸುತ್ತ.
ಆಯಿತು, ಅಂದೆ.