ಲಗ್ನದ ಕ್ಯಾಸೆಟ್ಟಿನ ಕಡೀಗೆ

ಕೊಪ್ಪೀಕರ್ ರಸ್ತೆ, ಹುಬ್ಬಳ್ಳಿ. ಬೂಸ್ಟು ಒರಸಿ
ಪೆನ್ ಡ್ರೈವಿಗೆ ಇಳಸ್ತಿದ್ದೆ:
‘ಇಂದುಮತಿ ಲಗ್ನ, ೮೯’.
ಅಕ್ಕಿಕಾಳು, ಬುಂದೆ, ಬ್ಯಾಂಡು, ಅಳು.
ಆಮ್ಯಾಲೆ ಪಡದಿ ತುಂಬ ಇರಿವಿ ಹರದು
ಲಗ್ನದ ತಳದಾಗಿಂದ ಎದ್ದು ಬಂತು
‘ಬಾಡಿಗಿ ಮನಿ’!

ನಮ್ಮ ಓಣಿ ಬಾಯಿಪಾಠ ಮಾಡಿದ ಧಾರಾವಾಹಿ. ಆದರ
ಗ್ವಾಡಿ ಹಸರಿಲ್ಲ, ಮಾವಗ ಮೀಸಿಲ್ಲ,
ಟೀವ್ಯಾಗ ಎಂದೂ ಬಾರದ ಕಂತು.
‘ಬಾಡಿಗಿ ನಾಳೆ, ಚಾ ಈಗ’
ಅಂದಾಕಿ ಬ್ಯಾರೆ.
ಈಗಷ್ಟ, ಹಿಂದಿನ ನಿಮಿಷ,
ತಲಿ ತಗ್ಗಿಸಿ ತಾಳಿ ಕಟ್ಟಿಸಿಕೊಂಡಾಕಿ.

ಮಾತು ಮುಗಿಸಿ ತಡದು ನಿಂತಳು.
ನಗು ಇನ್ನೂ ಜೋಡಿಸಿರಲಿಲ್ಲ.
ಮಷೀನಿನ ಗುಂಯ್ ಸಪ್ಪಳ.

ನಾ ನಕ್ಕೆ. ತಡಾ ಆಗಿ, ಒಬ್ಬನ.

ಸಂಜಿಗೆ ಆಕೀನ ಬಂದಳು, ಚಸ್ಮಾ ಒರಸಿಕೋತ.
ಲಗ್ನದ ಸುದ್ದಿ ತಗೀಲಿಲ್ಲ.
‘ಕಡೀದು…
ಬಂತೇನ್ರಿ?’