ಒಂಬತ್ತನೇ ಪಾಠ

ಅಶೋಕ ರಸ್ತೆಯ ಹಳೇ ಸಾಮಾನಿನ ಅಂಗಡಿಯಲ್ಲಿ
ನೂರೈವತ್ತಕ್ಕೆ ಸಿಕ್ಕಿತು. ನಾಲ್ಕು ಸೀಡಿ, ಒಂದರ ಮೇಲೆ ಗೀರು.
ಫ್ಯಾಕ್ಟರಿ ಆಫೀಸಿನವರು ಹೊರಗಿಟ್ಟಿದ್ದ ಕಂಪ್ಯೂಟರು
ಕುಂಬಾರಕೊಪ್ಪಲಿನ ನಮ್ಮ ನಡುಮನೆಯಲ್ಲಿ,
ಹೊಲಿಗೆ ಮೆಷೀನಿನ ಪಕ್ಕ, ಅದರದೇ ಸ್ಟೂಲಿನ ಮೇಲೆ ನಾನು.
ಫಸ್ಟ್ ಶಿಫ್ಟ್ ಮುಗಿಸಿ ಬಂದು, ಉಗುರಲ್ಲಿನ್ನೂ ಗ್ರೀಸು,
ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತೇನೆ.
ವಯಸ್ಸು ನಲವತ್ತಾರು. ಓದಿದ್ದು ಐಟಿಐ.

ಮೊದಮೊದಲು ಹಾಲು, ಸೇಬು, ಕೆಂಪು ಕಾರು.
ಹುಡುಗಿ ಓಡುತ್ತಾಳೆ. ಹುಡುಗ ಸೇಬು ತಿನ್ನುತ್ತಾನೆ.
ನಾಲ್ಕು ಚಿತ್ರದಲ್ಲಿ ಒಂದನ್ನು ಒತ್ತು ಅನ್ನುತ್ತದೆ.
ಒತ್ತುವುದು ನನಗೆ ಹೊಸದಲ್ಲ,
ಇಪ್ಪತ್ತೆರಡು ವರ್ಷದಿಂದ ಪ್ರೆಸ್ ಮೆಷೀನಿನಲ್ಲಿ ಅದೇ ಕಸುಬು.

ಅರ್ಥವೆಲ್ಲ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷೋ, ಕುಂಟೆತ್ತು.
ಆದರೆ ನೋಡಿ, ವತಾಶಿ ವ ಮಿಜು ಒ ನೊಮಿಮಸು:
ನಾನು, ನೀರನ್ನು, ಕುಡಿಯುತ್ತೇನೆ.
ಪದದ ಹಿಂದೆ ಪದ, ನಮ್ಮ ಹಾಗೇ ಸಾಲಾಗಿ ನಿಂತಿವೆ,
ಕ್ರಿಯಾಪದ ಕೊನೆಗೆ, ಮದುವೆಯೂಟದ ಮಜ್ಜಿಗೆ ಥರ.
ನಡುವೆ ಇಂಗ್ಲಿಷು ಬಂದು, ನಂಜನಗೂಡಿಗೆ ಹೊರಟವನನ್ನು
ಬೆಂಗಳೂರು ಸುತ್ತಿಸಿಕೊಂಡು ಕರೆತರುತ್ತದೆ.
ಮಾತಿನ ತುದಿಗೆ 'ನೆ' ಅಂದರೆ 'ಅಲ್ವಾ' ಅಂತೆ.
ಒಳಗೊಳಗೇ ಖುಷಿ, ಯಾರೋ ದೂರದ ನೆಂಟ ಸಿಕ್ಕ ಹಾಗೆ.

ಮೈಕು ಮಾತ್ರ ಹಟಮಾರಿ. ತ್ಸು ಅಂದರೂ ಚು ಅಂದೆಯೆಂದು ಕೆಂಪು ಗೆರೆ.
ಹನ್ನೆರಡು ಸಲ ತ್ಸು ತ್ಸು ತ್ಸು.
'ಯಾವ ನಾಯೀನ ಕರೀತಿದ್ದೀರಿ?' ಅಂದಳು ಸುಧಾಮಣಿ ಅಡುಗೆಮನೆಯಿಂದ.
ಹುರುಳಿ ಬೇಯುವ ಕುಕ್ಕರು ಅದೇ ಹೊತ್ತಿಗೆ ಕೂಗಿತು.
ಹಸಿರು ಗೆರೆ!
ಕುಕ್ಕರಿಗೆ ಜಪಾನಿ ಬರುತ್ತದೆ, ನನಗಿಲ್ಲ.

ಈ ವಯಸ್ಸಿಗೆ ಯಾಕಪ್ಪಾ ಅಂದವರಿಗೆ
ಸುಮ್ಮನೆ, ಮೆಷೀನಿನ ಬೋರ್ಡು ಓದೋಕೆ ಅಂದೆ.
ನಿಜವೇ. ನಮ್ಮ ಪ್ರೆಸ್ಸು ಯಾವುದೋ ಕಾಲದ ಜಪಾನಿನ ಮಾಲು,
ಎಷ್ಟು ಕೈ ದಾಟಿ ಹೆಬ್ಬಾಳಿನ ನಮ್ಮ ಶೆಡ್ಡಿಗೆ ಬಂತೋ.
ಬಾಯಿಯ ಮೇಲೊಂದು ಹಳದಿ ತಗಡು, ಒಂದೇ ಸಾಲು ಅಕ್ಷರ.
ಪ್ರತಿ ಆಯುಧಪೂಜೆಗೂ ಮೂರು ಬೆರಳಲ್ಲಿ ವಿಭೂತಿ ಎಳೆದು
ಕುಂಕುಮ ಇಟ್ಟವನು ನಾನೇ, ಆ ತಗಡಿಗೇ,
ಅದೇ ಅದರ ಹಣೆ ಅಂದುಕೊಂಡು.

ಒಂಬತ್ತನೇ ಪಾಠ, ಮೈಯ ಭಾಗಗಳು.
ಕಣ್ಣು ಮೆ. ಕಿವಿ ಮಿಮಿ.
ಕ್ಲಾಸಿನಲ್ಲೊಬ್ಬ ಹುಡುಗ ಕೈ ಎತ್ತಿದ್ದಾನೆ. ತೆ.
ಪಕ್ಕದಲ್ಲಿ ಅದರ ಅಕ್ಷರ: ಮೂರು ಅಡ್ಡಗೆರೆ,
ನಡುವೆ ಸೀಳಿ ಇಳಿದ ಒಂದು ಉದ್ದಗೆರೆ, ಅಡಿಗೆ ಕೊಕ್ಕೆ.
ನೋಡುವ ಮೊದಲೇ ನನ್ನ ಬೆರಳಿಗೆ ಗೊತ್ತಾಯಿತು,
ವಿಭೂತಿಯಡಿ ಅದನ್ನು ಎಷ್ಟು ಸಲ ಸವರಿದ್ದೆ.

ಮಾರನೇ ದಿನ ಥಿನ್ನರ್ ಹಾಕಿ ತಿಕ್ಕಿದೆ.
ಹನ್ನೊಂದು ವರ್ಷದ ಕುಂಕುಮ ಬಟ್ಟೆಗೆ ಬಂತು.
ಸಾಲನ್ನು ಬೀಡಿ ಪೊಟ್ಟಣದ ಮೇಲೆ ಗೀಚಿಕೊಂಡು ಬಂದು
ಒಂದೊಂದೇ ಹುಡುಕಿದೆ, ರಾತ್ರಿ ಒಂದೂವರೆ.
ತೆ ಒ ಇರೆರು ನಾ.
ತೆ, ಕೈ. ಒ, ಅನ್ನು. ಇರೆರು, ಒಳಗೆ ಹಾಕು.
ಕೊನೆಯ ನಾ,
ನಮ್ಮಲ್ಲಿ ನಾನು, ಅವರಲ್ಲಿ ಬೇಡ.

ನಂಜಾಚಾರಿ ಈಗ ಸ್ಟೋರಿನಲ್ಲಿ ಬೋಲ್ಟು ಎಣಿಸುತ್ತಾನೆ.
ಬಲಗೈಗೆ ಮೂರು ಬೆರಳು. ಆವತ್ತು ಪೀಸು ಸಿಕ್ಕಿಕೊಂಡಾಗ
'ಹಾಕೋ ಕೈಯ, ಏನೂ ಆಗಲ್ಲ' ಅಂದವನು ಪಕ್ಕದಲ್ಲೇ ಇದ್ದ.
ಎನ್‌ಕ್ವೈರಿಯಲ್ಲಿ ಯಾರ ಹೆಸರೂ ಬರಲಿಲ್ಲ.

ಅವನಿಗೆ ನನ್ನ ಪಾಠ ಅಂದರೆ ಇಷ್ಟ. ದಿನಾ ಟೀ ಹೊತ್ತಿಗೆ ಕೇಳುತ್ತಾನೆ,
'ಇವತ್ತೇನ್ ಹೇಳ್ಕೊಟ್ರು ನಿಮ್ ಜಪಾನಿ ಮೇಷ್ಟ್ರು?'
ಹೇಳಿದೆ, ಹಸಿರು ಗೆರೆ ಬರುವಷ್ಟು ಚೊಕ್ಕವಾಗಿ.
ಲೋಟ ತಿರುಗಿಸುತ್ತ ಅವನೂ ಅಂದು ನೋಡಿದ,
ತೆ ಒ... ಇರೆರು... ನಾ. ಎರಡನೇ ಸಲಕ್ಕೇ ಸರಿಯಾಗಿ.
'ಇದ್ರಲ್ಲಿ ನಾ ಅಂದ್ರೆ ಯಾರಪ್ಪಾ?' ಅಂದ.

'ನಾನು' ಅಂದೆ.