ಚಕ್ಕುಬಂದಿ

ಮೇಲಕ್ಕೆ: ದೆಸ್ತಾ ವೊಲ್ಡೆಯ ಬಟ್ಟೆ ಒಗೆಯುವ ಯಂತ್ರ.
ಕೆಳಕ್ಕೆ: ಬಾಗಿಲು ಮುಚ್ಚಿದ ದಂತವೈದ್ಯನ ಕೋಣೆ.
ಉತ್ತರಕ್ಕೆ: ಮಾಂಕ್ಟನ್ನಿನ ಕೆಸರುಬಣ್ಣದ ನದಿ,
ದಿನಕ್ಕೆರಡು ಸಲ ಹಿಂದಕ್ಕೆ ಹರಿಯುವಂಥದು.
ದಕ್ಷಿಣಕ್ಕೆ: ಕಾರಿಡಾರು. ಎಲ್ಲರದು,
ಅಂದರೆ ಯಾರದೂ ಅಲ್ಲ.
ಈ ಮಧ್ಯೆ, ಎರಡನೇ ಮಹಡಿಯಲ್ಲಿ, ಯೂಲಾಲಿ ಕೋಮೋ,
ಎಪ್ಪತ್ತೊಂದು ವರ್ಷ, ಶಾಲೆಯ ಬಸ್ಸು ಓಡಿಸಿ ನಿವೃತ್ತಿ.

ನಾನು ವಿಮೆಯವರ ಕಡೆಯಿಂದ
ನಷ್ಟ ಅಳೆಯಲು ಬಂದವನು.
ಗೋಡೆಗೆ ಮೀಟರಿನ ಎರಡು ಮುಳ್ಳು ಚುಚ್ಚಿದೆ,
ಕಿರುಚಿತು.

ಒಪ್ಪಿಸಿದೆ ಬಾಯಿಪಾಠ:
ಗೋಡೆ ಸಂಘದ್ದು, ಗೋಡೆಯೊಳಗಿನ ಕೊಳವೆ ಸಂಘದ್ದು,
ಕಟ್ಟಿದವನು ಹಾಸಿಕೊಟ್ಟಿದ್ದ ಬೂದು ಕಾರ್ಪೆಟ್ಟಿದ್ದರೆ
ಅದೂ ಸಂಘದ ಪಾಲಿಸಿಗೇ.
ಆಮೇಲೆ ನೀವು ಹಾಕಿಸಿದ್ದು, ತಂದಿಟ್ಟದ್ದು
ನಿಮ್ಮ ಪಾಲಿಸಿಗೆ.
ಮೊದಲ ಸಾವಿರ ಡಾಲರು ನಿಮ್ಮ ಕೈಯಿಂದ.

"ಇದನ್ನೆಲ್ಲ ಓದಿಕೊಂಡೇ ಇಳಿಯಿತೇ ನೀರು?"

ನೆಲ ನೋಡಿದೆ. ಮೇಪಲ್ ಹಲಗೆ,
ಉಬ್ಬಿ, ಬೋರಲು ಹಾಕಿದ ದೋಣಿಯಾಗಿದೆ.
ಅಲ್ಲಲ್ಲಿ ನೀಲಿ ಬಣ್ಣದ ತುಂಡುಗೆರೆ,
ಕಮಾನೊಂದರ ಕಾಲುಭಾಗ,
ಮಂಚದ ಕೆಳಗೆ ಯಾವುದೋ ಅಂಕಿಯ ಅರ್ಧ.
ಶಾಲೆ ಕೆಡವಿದಾಗ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಅಂಗಣವನ್ನು
ಗಂಡ ಆನ್ಸೆಲ್ಮ್ ಅವಳ ಬಸ್ಸಿನಲ್ಲೇ,
ಮಕ್ಕಳನ್ನಿಳಿಸಿದ ಮೇಲೆ,
ಒಂಬತ್ತು ಸರ್ತಿ ಹೇರಿಕೊಂಡು ಬಂದನಂತೆ.
ಹಾಸುವಾಗ ಗೆರೆ ಕೂಡಿಸಲು ಹೋಗಲಿಲ್ಲವಂತೆ.
ಆಟ ಮುಗಿದಿದೆಯಲ್ಲ, ಅಂದನಂತೆ.

ರಸೀದಿ ಇದೆಯೇ?
ನಕ್ಕಳು.

"ಅದೇ ಜಾತಿ, ಅದೇ ಗುಣಮಟ್ಟ" ಎನ್ನುತ್ತದೆ ಪಾಲಿಸಿ.
ಚದರಡಿಗೆ ಹದಿನಾಲ್ಕು ಡಾಲರೆಂದು ಬರೆದೆ.
ನೀಲಿ ಗೆರೆಗೆ ಕಾಲಮ್ಮು ಇರಲಿಲ್ಲ.

ಬಾಗಿಲಲ್ಲಿ ದೆಸ್ತಾ.
ಬೇಕರಿಯ ರಾತ್ರಿಪಾಳಿಯ ಹಿಟ್ಟು ಮೆತ್ತಿದ ಬೂಟು
ಹೊಸ್ತಿಲಾಚೆಗೇ ನಿಂತಿದೆ. ಕೈಯಲ್ಲಿ ಸೀಳಿದ ಪೈಪು,
ಕದ್ದ ಮಾಲು ಒಪ್ಪಿಸಲು ಬಂದವನ ಹಾಗೆ.
"ಒಳಗೆ ಬಾ. ಬೂಟು ಬಿಚ್ಚಬೇಡ,
ನೆಲ ಹೇಗೂ ಹೋಯಿತು."

ಕೊನೆಯ ಪುಟದಲ್ಲೊಂದು ನಿಯಮವಿದೆ, ಯಾರೂ ಓದುವುದಿಲ್ಲ:
ಪರಿಹಾರ ಕೊಟ್ಟ ಮೇಲೆ
ಹಾಳಾದ ವಸ್ತು ಕಂಪನಿಗೆ ಸೇರತಕ್ಕದ್ದು.
ಅವಳು ಓದಿದ್ದಳು.
"ಹಲಗೆ ಒಯ್ಯುತ್ತೀರಾ?"

ಉಳಿಕೆ ಬೆಲೆ ಎಂಬಲ್ಲಿ ಸೊನ್ನೆ ಸುತ್ತಿದೆ.
ತುಸು ದೊಡ್ಡದೇ ಆಯಿತು.
ಷರಾ: ಮನೆಯವರೇ ವಿಲೇವಾರಿ ಮಾಡಿಕೊಳ್ಳುವುದು.

ಮೆಟ್ಟಿಲಿಳಿಯುವಾಗ ಕೇಳಿತು
ಮೊಳೆ ಕೀಳುವ ಸದ್ದು, ಒಂದು, ಮತ್ತೊಂದು.
"ಇದನ್ನೆಲ್ಲಿಡಲಿ, ಗೋಡೆಗೊರಗಿಸಲೇ?"
"ಬೇಡ, ಗೋಡೆ ಸಂಘದ್ದು.
ನನ್ನ ಮಂಚದ ಮೇಲಿಡು,
ಗೆರೆ ಕಾಣುವ ಹಾಗೆ."